'ಪುಟ್ ಆಫ್' ಎಂದರೆ 'ಪೋಸ್ಟ್‌ಪೋನ್': ಇಷ್ಟು ಬರೆದರೆ ಸಾಕೇ?

ಫ್ರೇಸಲ್ ವರ್ಬ್ ಪಾಠವೆಂದರೆ ಹಲಗೆಯ ಎಡಕ್ಕೆ 'ಪುಟ್ ಆಫ್', ಬಲಕ್ಕೆ 'ಪೋಸ್ಟ್‌ಪೋನ್' ಎಂದು ಬರೆಯುವುದು ನಮ್ಮಲ್ಲಿ ರೂಢಿ. ಇದರಿಂದ ಅರ್ಥ ತಿಳಿಯುತ್ತದೆ, ಬಳಕೆ ಬರುವುದಿಲ್ಲ. ಸೋಲ್ ನಗರದಲ್ಲಿ ಎರಡು ವರ್ಷ ಕೊರಿಯನ್ ನೌಕರರಿಗೆ ಇಂಗ್ಲಿಷ್ ಹೇಳಿಕೊಟ್ಟ ಮೇಲೆ ನನಗೆ ಇದು ಖಚಿತವಾಗಿದೆ.

ಅವರಿಗೆ 'ಪೋಸ್ಟ್‌ಪೋನ್' ಸಲೀಸು. ಅವರ ಭಾಷೆಯಲ್ಲಿ ಚೀನೀ ಮೂಲದ 'ಯೋನ್‌ಗಿ' ಎಂಬ ನಾಮಪದಕ್ಕೆ 'ಹಾದಾ', ಅಂದರೆ 'ಮಾಡು', ಸೇರಿಸಿದರೆ ಅದೇ ಅರ್ಥ ಬರುತ್ತದೆ. ನಾವು 'ಪೋಸ್ಟ್‌ಪೋನ್ ಮಾಡು' ಎನ್ನುವ ಹಾಗೆ. 'ಮಿರುದಾ' ಎಂಬ ಅಚ್ಚ ಕೊರಿಯನ್ ಪದವೂ ಉಂಟು, ನಮ್ಮ 'ಮುಂದೂಡು' ಇದ್ದಂತೆ.

ತೊಡಕಿರುವುದು 'ಇಟ್' ಎಂಬ ಪುಟ್ಟ ಪದದಲ್ಲಿ. ಸಭೆಯ ಮಾತು ನಡೆಯುತ್ತಿದ್ದರೆ ಕೊರಿಯನ್‌ನಲ್ಲಿ "ಮುಂದೂಡೋಣ" ಎಂದರೆ ಮುಗಿಯಿತು. ಏನನ್ನು ಎಂದು ಹೇಳಬೇಕಿಲ್ಲ. ಕನ್ನಡದಲ್ಲೂ ಹಾಗೆಯೇ ತಾನೇ? ಅದನ್ನೇ ಇಂಗ್ಲಿಷಿಗೆ ತಂದಾಗ "ಲೆಟ್ಸ್ ಪುಟ್ ಆಫ್" ಎಂದು ಮಾತು ಅರ್ಧಕ್ಕೆ ನಿಲ್ಲುತ್ತದೆ. 'ಇಟ್' ಸೇರಿಸಿ ಎಂದರೆ "ಪುಟ್ ಆಫ್ ಇಟ್" ಎನ್ನುತ್ತಾರೆ. 'ಪುಟ್ ಆಫ್ ದ ಮೀಟಿಂಗ್' ಸರಿ, 'ಪುಟ್ ದ ಮೀಟಿಂಗ್ ಆಫ್' ಕೂಡ ಸರಿ. ಸರ್ವನಾಮ ಮಾತ್ರ ನಡುವೆಯೇ ಕೂರಬೇಕು. ಕರ್ಮವನ್ನು ಮೊದಲು ಹೇಳಿ ಕ್ರಿಯಾಪದವನ್ನು ಕೊನೆಗಿಡುವವರಿಗೆ ಈ ಸೀಳು ಸುಲಭಕ್ಕೆ ಒಗ್ಗದು. ಕಿವಿಗೂ ಕಷ್ಟವೇ. ಕೊರಿಯನ್‌ನಲ್ಲಿ 'ಫ್' ಧ್ವನಿ ಇಲ್ಲ. ಅಮೆರಿಕನ್ನರ ಬಾಯಲ್ಲಿ ಮೂರು ಪದಗಳೂ ಕೂಡಿ 'ಪುಡಿಡಾಫ್' ಎಂದು ಕೇಳಿಸುತ್ತವೆ!

ಹೀಗಾಗಿ ಕಲಿಯುವವರು ಜಾಣತನದಿಂದ 'ಪೋಸ್ಟ್‌ಪೋನ್' ಎಂದೇ ಹೇಳಿ ಪಾರಾಗುತ್ತಾರೆ. ಹೀಬ್ರೂ ಭಾಷಿಕರೂ ಹೀಗೆ ಫ್ರೇಸಲ್ ವರ್ಬ್‌ಗಳಿಂದ ತಪ್ಪಿಸಿಕೊಳ್ಳುತ್ತಾರೆಂದು ಡಾಗುಟ್ ಮತ್ತು ಲಾಫರ್ 1985ರಲ್ಲೇ ತೋರಿಸಿದ್ದರು. ತಪ್ಪಿಸಿಕೊಳ್ಳುವುದು ತಪ್ಪಾಗಿ ಕಾಣಿಸುವುದಿಲ್ಲ. ಅಭ್ಯಾಸ ಪಾಠದ ವೇಳೆ ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪುಗಳನ್ನಷ್ಟೇ ಬರೆದುಕೊಳ್ಳುವ ನಮ್ಮಂಥ ವೀಕ್ಷಕರು "ಪಾಠ ಚೆನ್ನಾಗಿತ್ತು" ಎಂದು ಸಹಿ ಹಾಕುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ.

ಪರೀಕ್ಷೆಗೆ ಪಟ್ಟಿ ಬೇಕೆನ್ನುವವರಿದ್ದಾರೆ. ಇರಲಿ, ಅದನ್ನು ಮಕ್ಕಳು ಮನೆಯಲ್ಲಿ ಓದಿಕೊಂಡಾರು. ತರಗತಿಯಲ್ಲಿ ಒಂದೇ ಕ್ರಿಯಾಪದ ಸಾಕು. ಪ್ರಶಿಕ್ಷಣಾರ್ಥಿ "ವಾಟ್ ಅಬೌಟ್ ದ ಮೀಟಿಂಗ್?" ಎಂದು ಕೇಳಲಿ, ಮಕ್ಕಳು "ಲೆಟ್ಸ್ ಪುಟ್ ಇಟ್ ಆಫ್" ಎನ್ನಲಿ. ಆಮೇಲೆ ಮೀಟಿಂಗ್ ಹೋಗಿ ಮ್ಯಾಚ್ ಬರಲಿ, ಮದುವೆ ಬರಲಿ. ಎಕ್ಸಾಮ್ಸ್ ಬಂದಾಗ 'ಇಟ್' ಇದ್ದಲ್ಲಿ 'ದೆಮ್' ಬರುತ್ತದೆಯೇ ಎಂದು ನಾವು ಹಿಂದಿನ ಬೆಂಚಿನಿಂದ ಕೇಳಿಸಿಕೊಳ್ಳೋಣ.