ಆರನೆಯ ಬಾಟಲಿಯ ನೀರು

ಮಕ್ಕಳೇ, ಕಳೆದ ವಾರವೆಲ್ಲ ನಮ್ಮ ಮನೆಯ ಊಟದ ಮೇಜು ಪ್ರಯೋಗಶಾಲೆಯಾಗಿತ್ತು. ಮನೆ ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿ ದೇವಸ್ಥಾನಕ್ಕೆ ನಾಲ್ಕು ಹೆಜ್ಜೆ. ಏಳನೇ ತರಗತಿಯ ಮೊಮ್ಮಗಳು ಪುಟ್ಟಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆರಿಸಿಕೊಂಡ ವಿಷಯ ‘ಸೀರಿಯಲ್ ಡೈಲ್ಯೂಷನ್’. ಅಂದರೆ ಒಂದು ದ್ರವವನ್ನು ಹಂತ ಹಂತವಾಗಿ, ಲೆಕ್ಕ ಇಟ್ಟುಕೊಂಡು, ತೆಳು ಮಾಡುತ್ತ ಹೋಗುವುದು. “ಅಷ್ಟೇನಾ? ಊಟದ ಹೊತ್ತಿಗೆ ನೆಂಟರು ಬಂದರೆ ಸಾರಿಗೆ ನಾನು ಮಾಡೋದೂ ಅದೇ” ಅಂದಳು ಅವಳ ಅಜ್ಜಿ.

ಬೇಕಾದದ್ದು ಆರು ಪುಟ್ಟ ಬಾಟಲಿ, ಬರೆಯುವ ನೀಲಿ ಶಾಯಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ 10 ಮಿ.ಲೀ. ಸಿರಿಂಜ್. ಸೂಜಿ ಬೇಡ. ಪ್ರತಿ ಬಾಟಲಿಗೂ 9 ಮಿ.ಲೀ. ನೀರು. ಮೊದಲನೆಯದಕ್ಕೆ 1 ಮಿ.ಲೀ. ಶಾಯಿ ಹಾಕಿ ಚೆನ್ನಾಗಿ ಕುಲುಕಿದರೆ ಹತ್ತರಲ್ಲಿ ಒಂದು ಪಾಲು ಶಾಯಿ. ಅದರಿಂದ 1 ಮಿ.ಲೀ. ತೆಗೆದು ಎರಡನೆಯದಕ್ಕೆ ಹಾಕಿದರೆ ನೂರರಲ್ಲಿ ಒಂದು. ಹೀಗೇ ಹೋದರೆ ಆರನೆಯ ಬಾಟಲಿಯಲ್ಲಿ ಹತ್ತು ಲಕ್ಷದಲ್ಲಿ ಒಂದು.

“ತಾತ, ನೀರಿಗೆ ಒಂದೇ ಸಲ ಒಂದು ಹನಿ ಹಾಕಿಬಿಟ್ರೆ ಆಗಲ್ವಾ?” ಅಂದಳು. ಲೆಕ್ಕ ಹಾಕಿದೆವು. 1 ಮಿ.ಲೀ.ಗೆ ಸುಮಾರು 20 ಹನಿ. ಹತ್ತು ಲಕ್ಷ ಹನಿ ಎಂದರೆ 50 ಲೀಟರ್ ನೀರು, ಮೂರು ಕೊಡಕ್ಕೂ ಹೆಚ್ಚು! ನಮ್ಮ ಆರು ಬಾಟಲಿಗೆ ಹಿಡಿದದ್ದು 54 ಮಿ.ಲೀ., ಒಂದು ಬೈ-ಟು ಕಾಫಿಯಷ್ಟು.

ಶನಿವಾರ ನಾಲ್ಕನೆಯ ಬಾಟಲಿಯಲ್ಲಿ ನೀಲಿಯ ನೆರಳು ಮಾತ್ರ ಉಳಿದಿತ್ತು. ಐದನೆಯದರಲ್ಲಿ ಏನೂ ಕಾಣಲಿಲ್ಲ. ಪುಟ್ಟಿ ಚಾರ್ಟಿನಲ್ಲಿ ಹಾಗೇ ಬರೆದಳು. ಭಾನುವಾರ ಪ್ರದರ್ಶನಕ್ಕೆಂದು ಹೊಸದಾಗಿ ಮಾಡಿದರೆ ಐದನೆಯದೂ ನೀಲಿ! ರಾತ್ರಿ ಒಂಬತ್ತಾಗಿತ್ತು, ಬೆಳಗ್ಗೆ ಶಾಲೆ. “ಅದನ್ನ ಚೆಲ್ಲಿ ಬರೀ ನೀರು ತುಂಬಿಸು ಪುಟ್ಟಿ, ಯಾರಿಗೆ ಗೊತ್ತಾಗುತ್ತೆ” ಅಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. “ನಂಗೆ ಗೊತ್ತಾಗುತ್ತಲ್ಲ ತಾತ.”

ತಪ್ಪು ಅವಳೇ ಹುಡುಕಿದಳು. ಶನಿವಾರ ಪ್ರತಿ ಸಲವೂ ಸಿರಿಂಜನ್ನು ಮೂರು ನೀರಿನಲ್ಲಿ ತೊಳೆದಿದ್ದಳು. ಭಾನುವಾರ ಅವಸರದಲ್ಲಿ ತೊಳೆದಿರಲಿಲ್ಲ. ಮೂತಿಯಲ್ಲಿ ಎರಡು ಹನಿ ಉಳಿದರೆ ಏನು ಮಹಾ ಎಂದು ನನಗನ್ನಿಸಿತ್ತು. ಆದರೆ ಹಿಂದಿನ ಬಾಟಲಿಯ ಒಂದು ಹನಿ ಮುಂದಿನ ಬಾಟಲಿಯ ಹತ್ತು ಹನಿಗೆ ಸಮ. ಎರಡು ಹನಿ ಉಳಿದರೆ ಇಪ್ಪತ್ತು, ಅಂದರೆ ಪೂರ್ತಿ 1 ಮಿ.ಲೀ. ಹೆಚ್ಚಿಗೆ ಹಾಕಿದ ಹಾಗೆ. ಪ್ರತಿ ಹಂತದಲ್ಲೂ ಅದು ಬೆಳೆಯುತ್ತದೆ. ಹತ್ತೂವರೆವರೆಗೆ ಕೂತು ಮತ್ತೆ ಮಾಡಿದೆವು. ತೊಳೆಯುವ ಕೆಲಸ ನನ್ನದು.

“ಆರನೆಯದು ಕುಡಿಯೋ ನೀರಿನ ಥರಾನೇ ಇದೆ. ಇಷ್ಟು ಸ್ವಲ್ಪದಿಂದ ಏನಾಗುತ್ತೆ?” ಎಂದು ಅಜ್ಜಿ ಕೇಳಿದಾಗ ನನಗೆ ಪಾವಗಡ ನೆನಪಾಯಿತು. ಅಲ್ಲಿ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕೋಲಾರದ ಕಡೆಯೂ ಅಷ್ಟೇ. ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಒಂದು ಲೀಟರ್ ನೀರಿನ ತೂಕ ಹತ್ತು ಲಕ್ಷ ಮಿಲಿಗ್ರಾಂ. ಅಂದರೆ ಆ ಮಿತಿಯೂ ಹತ್ತು ಲಕ್ಷದಲ್ಲಿ ಒಂದೇ, ನಮ್ಮ ಆರನೆಯ ಬಾಟಲಿ! ಅದಕ್ಕಿಂತ ಹೆಚ್ಚಾದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ತುಂಬಾ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಮೂಳೆಯೇ ಬಿಗಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಅಷ್ಟೇ.

ಪುಟ್ಟಿ ಚಾರ್ಟಿಗೆ ಪಾವಗಡದ ಹೆಸರೂ ಸೇರಿಸಿದಳು. ಆರನೆಯ ಬಾಟಲಿಯ ಪಕ್ಕ ಬರೀ ನೀರಿನ ಏಳನೆಯದೊಂದನ್ನು ಇಟ್ಟು, ಚೀಟಿಯನ್ನು ಅಡಿಗೆ ಅಂಟಿಸಿ, ಬಂದವರಿಗೆಲ್ಲ “ಶಾಯಿ ಯಾವುದರಲ್ಲಿದೆ ಹೇಳಿ” ಎಂದು ಕೇಳಿದಳು. ಕನ್ನಡಕ ಒರೆಸಿಕೊಂಡು ನೋಡಿ ನಾನು ತೋರಿಸಿದ್ದು ಏಳನೆಯದನ್ನು.