ಒಗ್ಗರಣೆಯ ಕರಿಬೇವು

ದೆಹಲಿ ಸೇರಿ ಎಷ್ಟು ವರ್ಷಗಳಾದರೂ ನಮ್ಮ ಒಗ್ಗರಣೆಗೆ ಕರಿಬೇವು ಬೇಕೇ ಬೇಕು. ಭಾರತದಿಂದ ಹೋಗುವ ಇದೇ ಎಲೆಯನ್ನು ಐರೋಪ್ಯ ಒಕ್ಕೂಟವು ಕೀಟನಾಶಕದ ಶೇಷಕ್ಕಾಗಿ ಗಡಿಯಲ್ಲೇ ವಿಶೇಷ ತಪಾಸಣೆಗೆ ಒಳಪಡಿಸಿತು. ನಮ್ಮ ವಾರದ ಸಂತೆಯಲ್ಲಿ ಕಟ್ಟು ಬಿಚ್ಚಿ ನೋಡಿದ ಅಧಿಕಾರಿಯನ್ನು, ಸ್ವತಃ ಸರ್ಕಾರಿ ನೌಕರನಾದ ನಾನು ಈವರೆಗೆ ಕಂಡಿಲ್ಲ. ತರಕಾರಿಗೆ ಮೊನೊಕ್ರೊಟೊಫಾಸ್ ಸಿಂಪಡಿಸಬಾರದೆಂದು 2005ರಲ್ಲೇ ಆಜ್ಞೆಯಾಯಿತು. ಕಡತದ ಆಜ್ಞೆ ಹೊಲ ಮುಟ್ಟುವ ವೇಗವನ್ನು ನಾನು ಬಲ್ಲೆ.

ಹರಿಯುವ ನೀರಿನಲ್ಲಿ ತೊಳೆದರೆ ಮೇಲಿನ ವಿಷ ಒಂದಷ್ಟು ಕಳೆಯುತ್ತದೆ. ಇಮಿಡಾಕ್ಲೋಪ್ರಿಡ್‌ನಂತೆ ಗಿಡವೇ ಹೀರಿಕೊಂಡು ಎಲೆಯೊಳಗೆ ಸೇರಿಸಿಕೊಂಡದ್ದು ಹಾಗೆ ಹೋಗದು. ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಇದರ ಅಪಾಯ ಹೆಚ್ಚು.

ಕರಿಬೇವನ್ನು ಕುಂಡದಲ್ಲಿ ಬೆಳೆಸಬಹುದು (ಇಲ್ಲಿನ ಚಳಿಗೆ ಒಳಗಿಡಬೇಕು, ಅಷ್ಟೆ). ಬೆಂಡೆ, ಹೂಕೋಸುಗಳಿಗೇನು ಮಾಡೋಣ? ಸಂತೆಯಲ್ಲೇ ಪರೀಕ್ಷೆ ನಡೆದು ಫಲಿತಾಂಶ ಪ್ರಕಟವಾಗಬೇಕು. ನಮ್ಮ ಸಂಘವು ಇದನ್ನು ಲಿಖಿತವಾಗಿ ಕೇಳಲಿ; ಮನವಿಯ ಕರಡು ನಾನು ಬರೆಯುತ್ತೇನೆ.