ಎರಡು ಬೀಗದ ಪೆಟ್ಟಿಗೆ

ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡಲು ಬಂದ ಹುಡುಗ ಗೋಡೆಗೆ ತೂತು ಕೊರೆದು, ದಾರದಂಥ ಕೇಬಲ್ ಎಳೆದು, ಟಿ.ವಿ. ಪಕ್ಕದಲ್ಲಿ ಒಂದು ಪೆಟ್ಟಿಗೆ ಇಡುತ್ತಾನೆ. ‘ಪಾಸ್‌ವರ್ಡ್ ಏನಿಡ್ಲಿ ಸಾರ್?’ ಎನ್ನುತ್ತಾನೆ. ಮನೆಯ ಯಜಮಾನರು ಯೋಚಿಸುವಷ್ಟರಲ್ಲಿ ‘ನಿಮ್ಮ ಮೊಬೈಲ್ ನಂಬರೇ ಇಟ್ಟಿರ್ತೀನಿ, ಮರೆಯೋದಿಲ್ಲ’ ಎಂದು ತಾನೇ ಉತ್ತರವನ್ನೂ ಹೇಳಿ ಹೊರಟುಬಿಡುತ್ತಾನೆ. ಅಂದಿನಿಂದ ಆ ರೌಟರನ್ನು ಯಾರೂ ಮುಟ್ಟುವುದಿಲ್ಲ. ಹಸಿರು ದೀಪ ಮಿನುಗಿದರೆ ಎಲ್ಲ ಸರಿಯಿದೆ ಎಂದು ಅರ್ಥ. ಕೆಂಪು ದೀಪ ಬಂದರೆ ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ಹೆಚ್ಚಿನ ಮನೆಗಳಲ್ಲಿ ಅದರ ಆರೈಕೆ ಇಷ್ಟಕ್ಕೇ ಮುಗಿಯುತ್ತದೆ.

ಆದರೆ ಅದು ಬರೀ ತಂತಿ ಕೂಡಿಸುವ ಡಬ್ಬಿಯಲ್ಲ, ಪರದೆಯಿಲ್ಲದ ಒಂದು ಕಂಪ್ಯೂಟರ್. ಅದಕ್ಕೂ ಪ್ರೊಸೆಸರ್ ಇದೆ, ಮೆಮೊರಿ ಇದೆ, ಅದರೊಳಗೂ ಒಂದು ತಂತ್ರಾಂಶ ಓಡುತ್ತಿರುತ್ತದೆ. ಮನೆಯ ಬೇರೆ ಕಂಪ್ಯೂಟರ್, ಮೊಬೈಲುಗಳಿಗಾದರೂ ರಾತ್ರಿ ಕೊಂಚ ವಿಶ್ರಾಂತಿ ಸಿಕ್ಕೀತು. ಇದು ಮಾತ್ರ ಹಗಲಿರುಳೂ ಒಂದು ಮುಖವನ್ನು ಮನೆಯ ಕಡೆಗೂ ಇನ್ನೊಂದನ್ನು ಇಡೀ ಜಗತ್ತಿನ ಕಡೆಗೂ ಮಾಡಿಕೊಂಡು ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಇದಕ್ಕೆ ಎರಡು ಬೀಗಗಳಿವೆ. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವುದು ಒಂದೇ.

ಗೊತ್ತಿರುವುದು ವೈ-ಫೈ ಪಾಸ್‌ವರ್ಡ್. ನೆಂಟರ ಮಕ್ಕಳು ಚಪ್ಪಲಿ ಬಿಡುವ ಮುಂಚೆಯೇ ಕೇಳುವುದು ಇದನ್ನೇ. ಯಾರು ನಮ್ಮ ಸಂಪರ್ಕವನ್ನು ಬಳಸಬಹುದು ಎಂಬುದನ್ನು ಇದು ನಿರ್ಧರಿಸುತ್ತದೆ. ಈ ಬೀಗ ಸಡಿಲವಾಗಿದ್ದರೆ ಪಕ್ಕದ ಮನೆಯವರು ಪುಕ್ಕಟೆ ಸಿನಿಮಾ ನೋಡಿಯಾರು, ಅಷ್ಟೇ ತಾನೆ ಎಂದು ಉದಾರಿಗಳು ಹೇಳುವುದುಂಟು. ಅವರು 2008ರ ಜುಲೈ 26ನ್ನು ನೆನಪಿಸಿಕೊಳ್ಳಬೇಕು. ಅಹಮದಾಬಾದಿನ ಸರಣಿ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಸುದ್ದಿ ವಾಹಿನಿಗಳಿಗೆ ಬೆದರಿಕೆಯ ಇ-ಮೇಲ್ ಬಂತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವೀ ಮುಂಬಯಿಯಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಇ-ಮೇಲ್ ಕಳಿಸಿದವರು ಅವರಲ್ಲ. ಅವರ ವೈ-ಫೈಯನ್ನು ಯಾರೋ ಬಳಸಿಕೊಂಡಿದ್ದರು. ಆದರೂ ವಿಚಾರಣೆ ತಪ್ಪಲಿಲ್ಲ. ಪೊಲೀಸರ ದಾಖಲೆಗೆ ಮೊದಲು ಸಿಗುವುದು ಸಂಪರ್ಕ ಪಡೆದವರ ವಿಳಾಸ, ಬೆರಳಾಡಿಸಿದವರದ್ದಲ್ಲ.

ಇನ್ನು ಎರಡನೆಯ ಬೀಗ. ರೌಟರಿನೊಳಗೇ ಹೊಕ್ಕು ಅದರ ವ್ಯವಸ್ಥೆಯನ್ನು ಬದಲಿಸಲು ಬೇಕಾದ ಪಾಸ್‌ವರ್ಡ್ ಇದು. ಎಷ್ಟೋ ಮಾದರಿಗಳಲ್ಲಿ ಕಾರ್ಖಾನೆಯಿಂದ ಬರುವಾಗ ಬಳಕೆದಾರನ ಹೆಸರೂ ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ಲಕ್ಷ ಬೀಗ ಮಾಡಿ ಎಲ್ಲಕ್ಕೂ ಒಂದೇ ಕೀಲಿಕೈ ಕೊಟ್ಟ ಹಾಗೆ. ಈಚಿನ ಕೆಲವು ತಯಾರಕರು ಪೆಟ್ಟಿಗೆಗೊಂದು ಬೇರೆ ಪಾಸ್‌ವರ್ಡ್ ಅಚ್ಚು ಹಾಕಿ ಅಂಟಿಸುತ್ತಾರೆ, ಅಷ್ಟರಮಟ್ಟಿಗೆ ವಾಸಿ. ಹಳೆಯವು ಮಾತ್ರ ಇನ್ನೂ ಮನೆಮನೆಗಳಲ್ಲಿ ಕೂತಿವೆ.

ಇದರ ದುರ್ಬಳಕೆ ಎಷ್ಟು ಸುಲಭ ಎಂಬುದನ್ನು ತೋರಿಸಿದ್ದು 2016ರ ‘ಮಿರಾಯ್’. ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಯುವಕರು ಬರೆದ ಈ ದುಷ್ಟ ತಂತ್ರಾಂಶದ ಬತ್ತಳಿಕೆಯಲ್ಲಿ ಇದ್ದದ್ದು ಕಾರ್ಖಾನೆಯ ಸುಮಾರು ಅರವತ್ತು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಅಂತರಜಾಲದಲ್ಲಿ ಸಿಕ್ಕ ಸಿಕ್ಕ ರೌಟರ್, ಕ್ಯಾಮೆರಾಗಳ ಕದ ತಟ್ಟಿ ಒಂದೊಂದೇ ಕೀಲಿ ತೂರಿಸಿ ನೋಡುವುದು. ತೆರೆದುಕೊಂಡರೆ ಒಳಹೊಕ್ಕು ಅದನ್ನೂ ಪಡೆಗೆ ಸೇರಿಸಿಕೊಳ್ಳುವುದು. ಹೀಗೆ ಲಕ್ಷಗಟ್ಟಲೆ ಯಂತ್ರಗಳು ಸೇರಿದವು. ಅದೇ ವರ್ಷದ ಅಕ್ಟೋಬರ್ 21ರಂದು ಇಂಥ ಪಡೆ ‘ಡಿನ್’ ಎಂಬ ಸಂಸ್ಥೆಯ ಮೇಲೆ ಏಕಕಾಲಕ್ಕೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ. ಯಂತ್ರದ ಮಾಲೀಕರಿಗೆ ಸುಳಿವೇ ಇರಲಿಲ್ಲ. ಅವರ ಮನೆಯ ದೀಪ ಹಸಿರಾಗಿಯೇ ಮಿನುಗುತ್ತಿತ್ತು.

ಅದು ಅಮೆರಿಕದ ಮಾತಾಯಿತು ಎನ್ನುವಂತಿಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲೇ ಸಾವಿರಾರು ಮೋಡೆಮ್‌ಗಳು ಇಂಥದೇ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಪೆಟ್ಟು ತಿಂದದ್ದು ಕಾರ್ಖಾನೆಯ ಪಾಸ್‌ವರ್ಡನ್ನು ಹಾಗೆಯೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಅದನ್ನು ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿತು.

ಯಂತ್ರ ಕೆಟ್ಟರೆ ಗೊತ್ತಾದರೂ ಆಗುತ್ತದೆ. ಕೆಡದೆ ಮೋಸ ಮಾಡುವುದು ಇನ್ನೂ ಅಪಾಯ. ನಾವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಹಳೆಯ ಟೆಲಿಫೋನ್ ಡೈರೆಕ್ಟರಿ ಇದ್ದಂತೆ. ಯಾವ ಡೈರೆಕ್ಟರಿ ನೋಡಬೇಕೆಂದು ಮನೆಯ ಮೊಬೈಲುಗಳಿಗೆ ಸಾಮಾನ್ಯವಾಗಿ ಹೇಳುವುದು ರೌಟರ್. ಬ್ರೆಜಿಲ್‌ನಲ್ಲಿ 2011ರಿಂದೀಚೆಗೆ ವಂಚಕರು ಸುಮಾರು 45 ಲಕ್ಷ ಮೋಡೆಮ್‌ಗಳೊಳಗೆ ಹೊಕ್ಕು ಈ ಡೈರೆಕ್ಟರಿಯನ್ನೇ ಬದಲಿಸಿದ್ದರು. ಕಂಪ್ಯೂಟರಿಗೆ ಯಾವ ರೋಗವೂ ಇಲ್ಲ, ಟೈಪ್ ಮಾಡಿದ ವಿಳಾಸವೂ ಸರಿ, ಆದರೆ ತೆರೆದುಕೊಳ್ಳುವುದು ಬೇರೆಯದೇ ಪುಟ.

ಪರಿಹಾರ ಹತ್ತು ನಿಮಿಷದ ಕೆಲಸ. ಮನೆಯ ವೈ-ಫೈಗೆ ಸೇರಿದ ಮೊಬೈಲಿನಲ್ಲಿ ಬ್ರೌಸರ್ ತೆರೆದು, ಪೆಟ್ಟಿಗೆಯ ಬೆನ್ನಿಗಿರುವ ಚೀಟಿಯಲ್ಲಿನ ವಿಳಾಸ ಒತ್ತಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಹೆಸರು, ಪಾಸ್‌ವರ್ಡ್ ಅದೇ ಚೀಟಿಯಲ್ಲಿರುತ್ತದೆ. ಒಳಗೆ ಹೋದೊಡನೆ ಮೊದಲು ಆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ವೈ-ಫೈ ಪಾಸ್‌ವರ್ಡ್. ಮೊಬೈಲ್ ನಂಬರು ಬೇಡ, ಅದು ಊರಿಗೆಲ್ಲ ಗೊತ್ತು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಎರಡು ಬೀಗಕ್ಕೂ ಒಂದೇ ಪಾಸ್‌ವರ್ಡ್ ಇಡಬಾರದು, ಏಕೆಂದರೆ ಮೊದಲನೆಯದನ್ನು ನೆಂಟರಿಗೆ ಕೊಡುತ್ತೀರಿ. ನೆಂಟರಿಗೆಂದೇ ಬೇರೆ ಹೆಸರಿನ ‘ಗೆಸ್ಟ್’ ವೈ-ಫೈ ಮಾಡಿಕೊಳ್ಳುವ ಅನುಕೂಲ ಹಲವು ರೌಟರುಗಳಲ್ಲಿದೆ. ಭದ್ರತೆಯ ಬಗೆ ಕೇಳಿದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಇಪಿ ಎಂಬುದರ ಬೀಗ 2001ರಲ್ಲೇ ಮುರಿದಿದೆ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಮತ್ತು ಹೊರಗಿನಿಂದ ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎರಡನ್ನೂ ಆರಿಸಿಬಿಡುವುದು ಒಳ್ಳೆಯದು. ಕೆಲವು ಕಂಪೆನಿಗಳು ಗ್ರಾಹಕರಿಗೆ ಒಳಗೆ ಹೋಗಲು ಬಿಡುವುದೇ ಇಲ್ಲ. ಅಂಥಲ್ಲಿ ಅವರಿಗೇ ಫೋನ್ ಮಾಡಿ, ಬದಲಿಸಿಕೊಡಿ ಎಂದು ಪಟ್ಟು ಹಿಡಿಯಬೇಕು. ಬಾಡಿಗೆ ಕೊಡುವವರು ನಾವು.

ಆಫ್-ಆನ್ ಮದ್ದನ್ನು ತೀರ ಹಗುರ ಮಾಡಬೇಕಿಲ್ಲ. ಮಿರಾಯ್ ವಾಸಿಸುತ್ತಿದ್ದದ್ದು ತಾತ್ಕಾಲಿಕ ಮೆಮೊರಿಯಲ್ಲಿ, ವಿದ್ಯುತ್ ತಪ್ಪಿದರೆ ಅಳಿಸಿಹೋಗುತ್ತಿತ್ತು. 2018ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಪೀಡೆ ಹಬ್ಬಿದಾಗ ಅಮೆರಿಕದ ಎಫ್‌ಬಿಐ ಕೊಟ್ಟ ಸಲಹೆಯೂ ನಿಮ್ಮ ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬುದೇ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಮಿರಾಯ್‌ನಂಥದು ನಿಮಿಷಗಳಲ್ಲೇ ಮರಳಿ ಬರುತ್ತದೆ. ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ, ತಾನೇ ನವೀಕರಣಗೊಳ್ಳುವ ಅನುಕೂಲವಿದ್ದರೆ ಚಾಲೂ ಇಡಿ. ಇಲ್ಲವಾದರೆ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ತಯಾರಕರು ಕೈಬಿಟ್ಟ ಹಳೆಯ ಪೆಟ್ಟಿಗೆಗೆ ಮಾತ್ರ ಔಷಧವಿಲ್ಲ, ಬದಲಿಸುವುದೇ ದಾರಿ. ಇನ್ನೊಂದು ಮಾತು. ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ‘ರಿಸೆಟ್’ ಮಾಡುವುದು ಬೇರೆ, ಆಫ್-ಆನ್ ಬೇರೆ. ರಿಸೆಟ್ ಆದೊಡನೆ ಕಾರ್ಖಾನೆಯ ಕೀಲಿಕೈಗಳೇ ಮರಳುತ್ತವೆ. ರಿಪೇರಿಗೆ ಬಂದವರು ಪಿನ್ ಚುಚ್ಚಿ ಹೋದರೆ ಎರಡೂ ಬೀಗಗಳನ್ನು ಮತ್ತೆ ಹಾಕಬೇಕು.

ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಕೊಂಚ ಎತ್ತರದಲ್ಲಿ ಇಡಿ; ಸ್ಟೀಲ್ ಬೀರುವಿನ ಹಿಂದೆ ಬೇಡ. ಟಿ.ವಿ.ಗೆ ಹೊದಿಸಿದಂತೆ ಇದಕ್ಕೂ ಕಸೂತಿ ಬಟ್ಟೆ ಹೊದಿಸುವವರಿದ್ದಾರೆ, ಪಾಪ, ಅದು ಬೆವರುತ್ತಿರುತ್ತದೆ. ಬೆಳಕಿನ ಮೂಲಕ ಸಾಗುವ ಫೈಬರ್ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯದು, ಆದರೆ ಅಡಾಪ್ಟರಿನ ತಂತಿಯಲ್ಲಿ ಹರಿದು ಬರುತ್ತದೆ. ಗುಡುಗು ಹತ್ತಿರ ಬರುವ ಮುನ್ನವೇ ಪ್ಲಗ್ ಕಿತ್ತಿಡಿ. ತಾಮ್ರದ ಟೆಲಿಫೋನ್ ತಂತಿಯವರು ಅದನ್ನೂ ಕೀಳಬೇಕು.

ಹೊಸ ಅಡ್ಮಿನ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲು ನಾಚಿಕೆ ಬೇಡ. ದೂರದೇಶದ ಕಳ್ಳನಿಗೆ ನಿಮ್ಮ ಮನೆಯ ಗ್ಯಾಸ್ ಪುಸ್ತಕದ ಕೊನೆಯ ಹಾಳೆ ಕಾಣುವುದಿಲ್ಲ.